ಕಾಡಂಚಿನ ಊರಿನಲ್ಲಿ ಚೀಲದ ರಸಮೇವು: ಪೆಟ್ಟಿಗೆ ಕಟ್ಟಿದ್ದು, ಕಟರ್ ರಿಪೇರಿ ಮಾಡಿದ್ದು, ಕಲಿಸಿದ್ದು

ಮುಸುಕಿನ ಜೋಳವನ್ನು ಕಾಳಿಗೆ ಬಿಟ್ಟರೆ ಹೊಲದಲ್ಲಿ 110ರಿಂದ 120 ದಿನ ನಿಲ್ಲಬೇಕು. ರಸಮೇವಿಗೆ (ಸೈಲೇಜ್), ಅಂದರೆ ಹಸಿರು ಮೇವನ್ನು ಕತ್ತರಿಸಿ, ಗಾಳಿ ಆಡದ ಹಾಗೆ ಒತ್ತಿ, ಹುಳಿ ಬರಿಸಿ ಇಡೋಕೆ ಅಂತ ಕಡಿದರೆ 80-90 ದಿನಕ್ಕೇ ಹೊಲ ಖಾಲಿ. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಊರಿನವರಿಗೆ ಈ ನಡುವಿನ ಒಂದು ತಿಂಗಳು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆನೆ ಬರುತ್ತದೆ, ಹಂದಿ ಬರುತ್ತದೆ, ರಾತ್ರಿಯೆಲ್ಲ ಅಟ್ಟಣೆ ಮೇಲೆ ಬ್ಯಾಟರಿ ಹಿಡಿದು ಕೂರಬೇಕು. ಹಾಲುತೆನೆಗೂ ಅವು ಬರುತ್ತವೆ, ಹಾಗಾಗಿ ಕಾವಲು ಪೂರ್ತಿ ತಪ್ಪಲ್ಲ. ಆದರೆ ಒಂದು ತಿಂಗಳ ನಿದ್ದೆ ಉಳಿಯುತ್ತದೆ. ತರಬೇತಿಯನ್ನು ಪೋಷಕಾಂಶ, ಹಾಲಿನ ಇಳುವರಿ ಅಂತ ಶುರು ಮಾಡಿದರೆ ಮುಂದೆ ಕೂತವರು ಆಕಳಿಸುತ್ತಾರೆ. ನಾವು ನಿದ್ದೆಯ ಮಾತಿನಿಂದಲೇ ಶುರು ಮಾಡಿದೆವು.

ಜಾಗ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕು. ಊರಿನ ಹೆಸರು ಬೇಡ. ಸುತ್ತ 906 ಚದರ ಕಿಲೋಮೀಟರಿನ ವನ್ಯಜೀವಿ ಧಾಮ, 2013ರಲ್ಲಿ ಘೋಷಣೆಯಾದದ್ದು. ಅದರ ಒಳಗೂ ಅಂಚಿನಲ್ಲೂ ಸೋಲಿಗ ಬುಡಕಟ್ಟಿನವರ ಪೋಡುಗಳು (ಹಾಡಿಗಳು), ಬೇಡಗಂಪಣ ಸಮುದಾಯದ ಹಳ್ಳಿಗಳು, ಬೇರೆ ರೈತರ ಊರುಗಳು ಇವೆ. ಇಲ್ಲಿ ಮೇವು ಅಂದರೆ ಕಾಡೇ. ಬೆಳಿಗ್ಗೆ ಬಿಟ್ಟ ದನ ಸಂಜೆಗೆ ದೊಡ್ಡಿ ಸೇರುತ್ತವೆ. 2025ರ ಜೂನ್‌ನಲ್ಲಿ ಇದೇ ಧಾಮದ ಹೂಗ್ಯಂ ವಲಯದಲ್ಲಿ ವಿಷ ಹಾಕಿದ್ದ ಹಸುವಿನ ಮಾಂಸ ತಿಂದು ಒಂದು ತಾಯಿ ಹುಲಿ, ಅದರ ನಾಲ್ಕು ಮರಿ ಸತ್ತವು. ಮುಂದಿನ ತಿಂಗಳೇ ಕಾಡಿನಲ್ಲಿ ದನ ಮೇಯಿಸುವುದನ್ನು ತಡೆಯಬೇಕು ಅಂತ ಅರಣ್ಯ ಸಚಿವರ ಸೂಚನೆ ಬಂತು. ಕಾಡಂಚಿನವರು ವಿರೋಧ ಮಾಡಿದರು. ಆಮೇಲಿಂದ ಪೇಟೆಯಿಂದ ಬಂದವರೆಲ್ಲ ಕೊಡುವ ಸಲಹೆ ಒಂದೇ: ಕೊಟ್ಟಿಗೆಯಲ್ಲೇ ಕಟ್ಟಿ, ರಸಮೇವು ಮಾಡಿ.

ಕೇಳೋಕೆ ಚೆನ್ನಾಗಿದೆ. ಲೆಕ್ಕ ಹಾಕಿ ನೋಡಿ. ಬೆಟ್ಟದ ಸಣ್ಣ ದನ ಒಂದಕ್ಕೆ ದಿನಕ್ಕೆ ಬರೀ 8 ಕೆಜಿ ರಸಮೇವು ಅಂತ ಇಟ್ಟುಕೊಂಡರೂ, 20 ದನಕ್ಕೆ 120 ದಿನಕ್ಕೆ 19 ಟನ್ ದಾಟುತ್ತದೆ. ನೀರಾವರಿ ಇದ್ದರೆ ಎಕರೆಗೆ 15 ಟನ್ ಮೇಲೆ ಹಸಿರು ಮೇವು ತೆಗೆಯಬಹುದು, ಆದರೆ ಮಳೆ ನಂಬಿದ ಈ ಕಲ್ಲು ಹೊಲದಲ್ಲಿ ನಾನು 7 ಟನ್ನಿನ ಮೇಲೆ ಲೆಕ್ಕ ಇಡಲ್ಲ. ಅಂದರೆ ಮೂರು ಎಕರೆ ಬರೀ ದನಕ್ಕೆ. ಅಷ್ಟು ಜಮೀನು ಕೈಯಲ್ಲಿ ಇದ್ದಿದ್ದರೆ ದನ ಕಾಡಿಗೆ ಯಾಕೆ ಹೋಗುತ್ತಿತ್ತು? ಗೊಬ್ಬರಕ್ಕೆ ಅಂತಲೇ ಹಿಂಡು ಸಾಕುವ ಮನೆಗೆ ರಸಮೇವು ಉತ್ತರ ಅಲ್ಲ. ಹಾಗಂತ ಹೇಳಿ ಮಾರುವವರನ್ನು ನಂಬಬೇಡಿ.

ಉತ್ತರ ಆಗೋದು ಯಾರಿಗೆ ಅಂದರೆ, ಡೈರಿಗೆ ಹಾಲು ಹಾಕುವ ಒಂದೋ ಎರಡೋ ಹಸು ಮನೆ ಹತ್ತಿರ ಕಟ್ಟಿಕೊಂಡವರಿಗೆ. ಜನವರಿಯಿಂದ ಏಪ್ರಿಲ್‌ವರೆಗೆ ಹಸಿರು ಅನ್ನೋದು ಕಣ್ಣಿಗೆ ಬೀಳಲ್ಲ, ಬರೀ ರಾಗಿ ಹುಲ್ಲು, ಮೇಲೆ ದುಡ್ಡು ಕೊಟ್ಟು ತಂದ ಬೂಸಾ. ಒಂದು ಹಸುವಿಗೆ ದಿನಕ್ಕೆ 15 ಕೆಜಿ, 120 ದಿನಕ್ಕೆ 1,800 ಕೆಜಿ. 7 ಟನ್ ಎಕರೆ ಅಂದರೆ ಗುಂಟೆಗೆ 175 ಕೆಜಿ. ಹಾಳಾಗೋದು, ಹಂದಿ ತಿನ್ನೋದು ಸೇರಿಸಿ 12 ಗುಂಟೆ ಬಿಡಿ. ಇಷ್ಟು ಯಾರಿಗಾದರೂ ಆಗುತ್ತದೆ.

ಗುಂಡಿ ಯಾಕೆ ಬೇಡ

ರಸಮೇವು ಅಂದ ಕೂಡಲೇ ಎಲ್ಲರೂ ಗುಂಡಿ ತೋಡೋಕೆ ಹೊರಡುತ್ತಾರೆ. ಇಲ್ಲಿ ಎರಡು ಅಡಿ ತೋಡಿದರೆ ಬಂಡೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಗುಂಡಿಗೆ ನೀರು ಬೇರೆ. ಆದರೆ ದೊಡ್ಡ ತೊಂದರೆ ಇದಲ್ಲ, ತೆಗೆಯುವಾಗ ಬರುತ್ತದೆ.

ಗುಂಡಿ ಒಮ್ಮೆ ತೆರೆದರೆ, ಗಾಳಿ ತಾಗಿದ ಮುಖದಿಂದ ದಿನಾ ಕಡಿಮೆ ಅಂದರೂ 10 ಸೆಂಟಿಮೀಟರ್ ದಪ್ಪ ತೆಗೆಯಲೇಬೇಕು. ಇಲ್ಲದಿದ್ದರೆ ಬೂಷ್ಟು ಒಳಗೆ ನುಗ್ಗುತ್ತದೆ. ಒಂದೂವರೆ ಮೀಟರ್ ಅಗಲ, ಒಂದು ಮೀಟರ್ ಎತ್ತರದ ಮುಖ ಇರುವ ಸಣ್ಣ ಗುಂಡಿ ಅಂದರೂ ದಿನಕ್ಕೆ 80 ಕೆಜಿ ಆಯಿತು. ನಮ್ಮ ಹಸು ತಿನ್ನೋದು 15. ಉಳಿದ 65 ಏನು ಮಾಡೋದು? ಐದಾರು ಹಸು ಇರುವ ಮನೆಗೆ, ಇಲ್ಲ ಒಟ್ಟಾಗಿ ಮಾಡುವ ಗುಂಪಿಗೆ ಗುಂಡಿ ಸರಿ. ಒಂದು ಹಸುವಿನ ಮನೆಗೆ ಚೀಲವೇ ಸರಿ. 50 ಕೆಜಿ ಚೀಲ ಬಿಚ್ಚಿದರೆ ಮೂರು ದಿನಕ್ಕೆ ಖಾಲಿ, ಮುಂದಿನದು ಹಾಗೇ ಕಟ್ಟಿ ಇರುತ್ತದೆ.

ಚೀಲದ ತಾಪತ್ರಯ ಒಂದೇ, ಒತ್ತಡ. ಗುಂಡಿಯನ್ನು ಟ್ರ್ಯಾಕ್ಟರ್ ಓಡಿಸಿ ಒತ್ತಬಹುದು. ಚೀಲಕ್ಕೆ ಹಾಗೆ ಮಾಡೋಕೆ ಬರಲ್ಲ. ಕೈಯಲ್ಲಿ ತುರುಕಿದರೆ ತುಂಬಿದ ಹಾಗೆ ಕಾಣುತ್ತದೆ, ಒಳಗೆ ಅರ್ಧ ಗಾಳಿ. ರಸಮೇವಿನ ಕೆಲಸ ಮಾಡುವ ಹುಳಿ ಬ್ಯಾಕ್ಟೀರಿಯಾ ಮೇವಿನ ಮೇಲೇ ಇರುತ್ತದೆ, ನಾವು ತರಬೇಕಾಗಿಲ್ಲ. ಅದು ಗಾಳಿ ಇಲ್ಲದ ಕಡೆ ಮೇವಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಹುಳಿ ಏರಿ ಪಿಎಚ್ 4ರ ಹತ್ತಿರ ಬಂದಾಗ ಕೊಳೆಸುವ ಹೆಚ್ಚಿನ ಜೀವಿಗಳು ಬೆಳೆಯಲ್ಲ, ಮೇವು ಹಾಗೇ ನಿಂತುಬಿಡುತ್ತದೆ. ಗಾಳಿ ಉಳಿದಷ್ಟು ಹೊತ್ತು ಸಕ್ಕರೆ ಸುಮ್ನೆ ಉರಿದು ಹೋಗುತ್ತದೆ, ಮೇವು ಬಿಸಿಯಾಗುತ್ತದೆ, ಬೂಷ್ಟು ಕೂರುತ್ತದೆ. ಇದನ್ನು ನಾನು ಹೀಗೆ ವಿವರಿಸುತ್ತಿದ್ದಾಗ ಒಬ್ಬ ಅಜ್ಜಿ ಮಧ್ಯದಲ್ಲೇ, "ಹುಳಿ ಅಂಬಲಿ ಮಾಡ್ದಂಗೆ ಅನ್ನು ಮಗ, ಗಾಳಿ ಆಡ್ದಂಗೆ ಮುಚ್ಚಿಡದು ಅಷ್ಟೇಯ" ಅಂದರು. ನನ್ನ ಚಾರ್ಟನ್ನು ಸುರುಳಿ ಸುತ್ತಿ ಇಟ್ಟೆ.

ಪೆಟ್ಟಿಗೆ

ಒತ್ತೋಕೆ ಒಂದು ಅಚ್ಚು ಬೇಕಿತ್ತು. ಅಳತೆ ಹೇಗೆ ಬಂತು ಹೇಳುತ್ತೇನೆ, ಬೇರೆಯವರಿಗೆ ಉಪಯೋಗಕ್ಕೆ ಬರುತ್ತದೆ. ಚೆನ್ನಾಗಿ ಒತ್ತಿದ ಮೇವು ಘನ ಮೀಟರಿಗೆ 550 ಕೆಜಿ ಆಸುಪಾಸು ಇರಬೇಕು. 50 ಕೆಜಿಗೆ ಹತ್ತಿರ ಬರುವ ಹಾಗೆ ಒಳಗಿನ ಅಳತೆ 15 ಇಂಚು ಅಗಲ, 15 ಇಂಚು ಉದ್ದ, 24 ಇಂಚು ಎತ್ತರ. ಇದಕ್ಕೆ ಸರಿಯಾಗಿ ಒತ್ತಿದರೆ 48-49 ಕೆಜಿ ಹಿಡಿಯುತ್ತದೆ. ಇದರಲ್ಲಿ ಒಂದು ಲಾಭ ಇದೆ. ಪ್ರತಿ ಚೀಲವನ್ನೂ ತೂಗುಹಾಕುವ ತಕ್ಕಡಿಗೆ ಸಿಕ್ಕಿಸಿದರೆ ಒತ್ತಿದ್ದು ಸಾಕೋ ಸಾಲದೋ ತಕ್ಷಣ ಗೊತ್ತಾಗುತ್ತದೆ. 45ರ ಮೇಲೆ ಬಂದರೆ ಪಾಸು. 35 ಬಂದರೆ ಬಿಚ್ಚಿ ಮತ್ತೆ ಒತ್ತಿ, ಅದು ಘನ ಮೀಟರಿಗೆ 400 ಕೆಜಿಯೂ ಇಲ್ಲ ಅಂತ ಅರ್ಥ. ಕಣ್ಣಂದಾಜನ್ನು ನಂಬಬಾರದು, ತುಂಬಿದ ಚೀಲಗಳೆಲ್ಲ ಒಂದೇ ಥರ ಕಾಣುತ್ತವೆ.

ಪೆಟ್ಟಿಗೆಯನ್ನು ಮೂರು ಅಡಿ ಎತ್ತರ ಮಾಡಿದೆವು, 24 ಇಂಚಿಗೆ ಒಳಗೆ ಬಣ್ಣದ ಗೆರೆ. ಸಡಿಲ ಮೇವು ಜಾಸ್ತಿ ಜಾಗ ತಿನ್ನುತ್ತದಲ್ಲ, ಮೇಲಿನ ಒಂದು ಅಡಿ ಅದಕ್ಕೆ. ಹಲಗೆ ಒಂದು ಇಂಚಿನದು, ಕೊಳ್ಳೇಗಾಲದಿಂದ ತಂದ ಹಳೆ ಪ್ಯಾಕಿಂಗ್ ಮರ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಕಾಡಿನ ಪಕ್ಕದಲ್ಲಿ ನಿಂತು ಮರದ ಪೆಟ್ಟಿಗೆ ಮಾಡುವಾಗ ಯಾರಾದರೂ ಒಬ್ಬರು "ಅಲ್ಲೇ ಇದೆಯಲ್ಲ ಮರ" ಅಂದೇ ಅನ್ನುತ್ತಾರೆ. ಬೇಡ. ರಸಮೇವು ಕಲಿಸೋಕೆ ಹೋಗಿ ಕೇಸು ಹಾಕಿಸಿಕೊಳ್ಳೋದು ಯಾರಿಗೆ ಬೇಕು?

ಮುಂದಿನ ಹಲಗೆಗೆ ಎರಡು ಕೀಲು, ಎರಡು ಚಿಲಕ. ಬಾಗಿಲಿನ ಹಾಗೆ ತೆರೆದರೆ ಚೀಲ ಸಲೀಸಾಗಿ ಹೊರಗೆ ಬರುತ್ತದೆ. ಮೇಲಿಂದ ಎಳೆದು ತೆಗೆಯೋಕೆ ಹೋದರೆ ಪ್ಲಾಸ್ಟಿಕ್ ಹರಿಯುತ್ತದೆ. ಬಡಗಿ ಕೆಲಸ ಮಾಡಿದ ಅಣ್ಣ ಲಂಟಾನ ಕಡ್ಡಿಯಲ್ಲಿ ಕುರ್ಚಿ ಮಾಡಿ ಕೈ ಪಳಗಿದವರು, ಬೆಟ್ಟದಲ್ಲಿ ಪರಿಸರ ಸಂಶೋಧನೆ ಮಾಡುವ ಏಟ್ರೀ ಸಂಸ್ಥೆ ಸೋಲಿಗರಿಗೆ ಆ ಕಸುಬು ಕಲಿಸಿ ಎಷ್ಟೋ ವರ್ಷ ಆಯಿತು. ಅವರ ಮೊದಲ ಪ್ರಶ್ನೆಯೇ ಮೊಳೆಯದು. ಮೊಳೆ ತಲೆ ಒಳಗೆ ಒಂದು ಕೂದಲೆಳೆಯಷ್ಟು ಎದ್ದಿದ್ದರೂ ಪ್ಲಾಸ್ಟಿಕ್ ತೂತು, ಗಾಳಿ ಒಳಗೆ. ಹಾಗಾಗಿ ಹೊರಗಿನಿಂದ ಸ್ಕ್ರೂ, ಒಳಗೆ ಪಟ್ಟಿ ಇಲ್ಲ, ಎಲ್ಲ ಮೂಲೆಗೂ ಉಪ್ಪುಕಾಗದ ಉಜ್ಜಿ, ಆಮೇಲೆ ಒಳಮೈಗೆ ಹಳೆ ಫ್ಲೆಕ್ಸ್ ಬ್ಯಾನರ್ ಅಂಟಿಸಿದರು. ಮುಖ ಯಾರದು ಅಂತ ಹೇಳಲ್ಲ, ಯಾವ ಪಕ್ಷ ಅಂತಲೂ ಹೇಳಲ್ಲ, ಆದರೆ ದಿಮ್ಸಿನಲ್ಲಿ ಕುಟ್ಟುವಾಗ ಹೆಂಗಸರಿಗೆ ಒಂದು ಉತ್ಸಾಹ ಬರುತ್ತಿತ್ತು.

ದಿಮ್ಸು ಅಂದರೆ ಮಣ್ಣಿನ ನೆಲ ಗಟ್ಟಿ ಮಾಡೋಕೆ ಕುಟ್ಟುವ ಮರದ ದಿಮ್ಮಿ, ಎಲ್ಲ ಊರಲ್ಲೂ ಒಂದು ಇರುತ್ತದೆ. ನಾಲ್ಕು ಇಂಚು ಮೇವು ಹಾಕು, ಮೂಲೆಯಿಂದ ಶುರು ಮಾಡಿ ನಡುವಿಗೆ ಬಾ, ಮತ್ತೆ ನಾಲ್ಕು ಇಂಚು. ಮೂಲೆ ಮೊದಲು. ನಡುವಿಂದ ಕುಟ್ಟಿದರೆ ಮೇವು ಮೂಲೆಗೆ ಹೋಗಿ ಸಡಿಲವಾಗಿಯೇ ಉಳಿಯುತ್ತದೆ.

ಕೊನೆಯ ಒತ್ತು ಸನ್ನೆಯಿಂದ. ಏಳು ಅಡಿಯ ಸರ್ವೆ ಗಳದ ಒಂದು ತುದಿಯನ್ನು ಪೆಟ್ಟಿಗೆಯ ಹಿಂದಿನ ಕಂಬಕ್ಕೆ ಬೋಲ್ಟ್ ಹಾಕಿ, ಆ ಬೋಲ್ಟಿನಿಂದ ಒಂದು ಅಡಿ ದೂರದಲ್ಲಿ ಒತ್ತುವ ಹಲಗೆ ಜೋಡಿಸಿದರೆ, ಇನ್ನೊಂದು ತುದಿಯಲ್ಲಿ 50 ಕೆಜಿಯ ಮನುಷ್ಯ ಜೋತುಬಿದ್ದರೆ ಮೇವಿನ ಮೇಲೆ 350 ಕೆಜಿ ಬೀಳುತ್ತದೆ. ಇಲ್ಲಿ ಒಂದು ವಿಷಯ ಗಮನಿಸಿ. ಹೆಚ್ಚು ಕಡಿಮೆ ಅಷ್ಟೇ ಜೋರಾಗಿ ಕಂಬ ಮೇಲಕ್ಕೆ ಕೀಳುತ್ತದೆ, 300 ಕೆಜಿ. ನೆಲದಲ್ಲಿ ಹೂತ ಕಂಬ ಮೆದು ಮಣ್ಣಲ್ಲಿ ಎದ್ದು ಬರುತ್ತದೆ. ಅದಕ್ಕೆ ಪೆಟ್ಟಿಗೆ, ಕಂಬ ಎರಡನ್ನೂ ಒಂದೇ ಜೋಡಿ ಕಬ್ಬಿಣದ ಆಂಗಲ್ ಮೇಲೆ ಕೂರಿಸಿ ಬೋಲ್ಟ್ ಹಾಕಬೇಕು. ಆಗ ಕಂಬವನ್ನು ಹಿಡಿದಿಡೋದು ನೆಲ ಅಲ್ಲ, ಆಂಗಲ್. ಎಲ್ಲಿ ಬೇಕಾದರೂ ಎತ್ತಿಕೊಂಡು ಹೋಗಬಹುದು. ಈ ಆಂಗಲ್ಲಿಗೇ ಖರ್ಚು ಜಾಸ್ತಿ ಆದದ್ದು.

ಪ್ಲಾಸ್ಟಿಕ್ ಬಗ್ಗೆ. ಒಳಗೆ ಕೊಳವೆ ಪ್ಲಾಸ್ಟಿಕ್, 150 ಮೈಕ್ರಾನಿಗಿಂತ ತೆಳು ಬೇಡ. ಪೆಟ್ಟಿಗೆಯ ಸುತ್ತಳತೆ 60 ಇಂಚು, ಅಂದರೆ ಕೊಳವೆಯನ್ನು ಚಪ್ಪಟೆ ಹಾಸಿದಾಗ 30 ಇಂಚು ಅಗಲ ಬೇಕೇ ಬೇಕು, 33 ತನ್ನಿ. ಅಗಲ ಕಡಿಮೆ ಆದರೆ ಮೇವಿನ ಭಾರವನ್ನೆಲ್ಲ ಪೆಟ್ಟಿಗೆ ಬದಲು ಪ್ಲಾಸ್ಟಿಕ್ಕೇ ಹೊತ್ತು ಸಿಡಿಯುತ್ತದೆ. ಉದ್ದ ಐದು ಅಡಿ, ಕತ್ತು ತಿರುಚಿ ಕಟ್ಟೋಕೆ ಧಾರಾಳ ಇರಲಿ. ಕಟ್ಟೋಕೆ ಹುರಿ ಬೇಡ, ಸೈಕಲ್ ಟ್ಯೂಬ್ ಪಟ್ಟಿ. ಕತ್ತನ್ನು ತಿರುಚಿ ಒಂದು ಸುತ್ತು, ಮಡಚಿ ಮತ್ತೆ ಬಿಗಿ. ಹೊರಗೆ ಗೊಬ್ಬರದ ನೇಯ್ದ ಚೀಲ ತೊಳೆದದ್ದು ಸಾಕು. ಔಷಧಿ ತುಂಬಿದ್ದ ಚೀಲ ಮಾತ್ರ ಮುಟ್ಟಬೇಡಿ.

ಕಟರ್

ಡೈರಿ ಸಂಘದ ಮೂಲೆಯಲ್ಲಿ ಯಾವುದೋ ಯೋಜನೆಯಲ್ಲಿ ಬಂದ 2 ಎಚ್‌ಪಿ ಮೇವು ಕತ್ತರಿಸುವ ಯಂತ್ರ ಧೂಳು ಹಿಡಿದು ಬಿದ್ದಿತ್ತು. ಕತ್ತರಿಸುವುದಕ್ಕಿಂತ ಅಗಿಯುತ್ತಿತ್ತು ಅನ್ನಬೇಕು, ಉದ್ದುದ್ದ ಎಳೆ ಎಳೆಯಾಗಿ ಬರುತ್ತಿತ್ತು. ರಸಮೇವಿಗೆ ತುಂಡು ಒಂದರಿಂದ ಎರಡು ಸೆಂಟಿಮೀಟರ್ ಇರಬೇಕು, ಎಳೆ ಬಂದರೆ ಎಷ್ಟು ಕುಟ್ಟಿದರೂ ಸ್ಪ್ರಿಂಗ್ ಥರ ಮತ್ತೆ ಏಳುತ್ತದೆ.

ಪ್ಲಗ್ ಕಿತ್ತು ಕೈಗೆ ಸಿಗುವ ಹಾಗೆ ಇಟ್ಟುಕೊಂಡು ಕೆಲಸ ಶುರು. ಇದು ಶಿಷ್ಟಾಚಾರಕ್ಕೆ ಹೇಳುತ್ತಿಲ್ಲ, ಈ ಯಂತ್ರ ಬೆರಳು ತೆಗೆದ ಊರು ಎಷ್ಟಿಲ್ಲ. ಮೊದಲು ಬ್ಲೇಡ್ ಬಿಚ್ಚಿ ಸಾಣೆ. ಇಳಿಜಾರು ಇರುವ ಕಡೆ ಮಾತ್ರ ಸಾಣೆ ಹಿಡಿಯಬೇಕು, ಚಪ್ಪಟೆ ಕಡೆ ಹಿಡಿದರೆ ಬ್ಲೇಡಿನ ಬಾಯಿಗೂ ಕೆಳಗಿನ ಕಬ್ಬಿಣದ ತುಟಿಗೂ ನಡುವೆ ಸಂದು ಬೀಳುತ್ತದೆ. ಆಮೇಲೆ ಆ ಸಂದನ್ನೇ ನೋಡಬೇಕು. ಬ್ಲೇಡು ಹಾದು ಹೋಗುವಾಗ ಆ ತುಟಿಗೆ ತಾಗಬಾರದು, ದೂರವೂ ಇರಬಾರದು. ದಿನಪತ್ರಿಕೆಯ ಒಂದು ಪಟ್ಟಿ ಅಲ್ಲಿ ಇಟ್ಟು ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ. ಕಾಗದ ನೀಟಾಗಿ ತುಂಡಾಗಬೇಕು. ಮಡಚಿಕೊಂಡು ಒಳಗೆ ಹೋದರೆ ಹೊಂದಿಸುವ ಬೋಲ್ಟ್ ಕಾಲು ಸುತ್ತು ಬಿಗಿ ಮಾಡಿ ಮತ್ತೆ ನೋಡಿ. ಒಂದೊಂದು ಬ್ಲೇಡಿಗೂ ಬೇರೆ ಬೇರೆ ನೋಡಬೇಕು. ನಮ್ಮದರಲ್ಲಿ ಒಂದು ಬ್ಲೇಡು ಸರಿ ಇತ್ತು, ಪಕ್ಕದ್ದು ಒಂದು ಬೆರಳಗಲ ದೂರ, ಯಾರೋ ವಾಷರ್ ಹಾಕೋದನ್ನು ಮರೆತಿದ್ದರು.

ಬೆಲ್ಟು ಸಡಿಲ ಇತ್ತು, ಮೋಟಾರ್ ಹಿಂದಕ್ಕೆ ಎಳೆದು ಬಿಗಿ ಮಾಡಿದೆವು. ಕರೆಂಟ್ ಡಿಮ್ಮು ಇದ್ದಾಗ ಮೋಟಾರ್ ಗುಂಯ್ ಅಂದು ನಿಲ್ಲುತ್ತದೆ, ಆಗ ಬಲವಂತ ಮಾಡದೆ ಒಂದೊಂದೇ ಕಡ್ಡಿ ಕೊಡಿ ಅಥವಾ ಬೆಳಗಿನ ಜಾವ ಮಾಡಿ. ಕರೆಂಟೇ ಇಲ್ಲದ ಪೋಡಿಗೆ ಕೈಚಕ್ರದ ಕಟರ್. ಇಬ್ಬರು ತಿರುಗಿಸಿ ಒಬ್ಬರು ಕೊಟ್ಟರೆ ನಿಧಾನ ಆದರೂ ಆಗುತ್ತದೆ. ಒಂದೇ ನಿಯಮ, ಆ ದಿನ ಕತ್ತರಿಸಿದ್ದು ಆ ದಿನವೇ ಚೀಲದಲ್ಲಿ ಇರಬೇಕು. ರಾತ್ರಿ ರಾಶಿ ಬಿಟ್ಟರೆ ಬೆಳಿಗ್ಗೆ ಕೈ ಹಾಕಿ ನೋಡಿ, ಬಿಸಿ ಇರುತ್ತದೆ. ಅದು ಕಳೆದುಹೋದ ಸಕ್ಕರೆ.

ಕಲಿಸಿದ್ದು

ಮೊದಲ ಸಭೆಗೆ ಗಂಡಸರು ಬಂದರು, ಕುರ್ಚಿ ತುಂಬಿತು. ಕೊಟ್ಟಿಗೆ ಗುಡಿಸೋರು, ಹಾಲು ಕರೆಯೋರು, ಮೇವು ಹಾಕೋರು ಮನೆಯಲ್ಲೇ ಇದ್ದರು. ಮುಂದಿನದನ್ನು ಡೈರಿಗೆ ಹಾಲು ಹಾಕಿದ ಮೇಲೆ, ಡೈರಿ ಜಗಲಿಯಲ್ಲೇ ಇಟ್ಟುಕೊಂಡೆವು. ಆಗ ಬರಬೇಕಾದವರು ಬಂದರು.

ದೊಡ್ಡ ಜಗಳ ತೆನೆಯ ಮೇಲೆ. ತೆನೆ ಸಮೇತ ಕತ್ತರಿಸಬೇಕು ಅಂದಾಗ ಹಿಂದೆ ಕೂತಿದ್ದ ಯಜಮಾನರೊಬ್ಬರು, "ಬುಡಿ ಸಾ, ಆನೆ ತಿಂದ್ರೂವೆ ಅರ್ಧ ಬುಟ್ಟು ಹೋಯ್ತದ, ನೀವು ಪೂರ್ತಿ ಕೇಳ್ತೀರಲ್ಲ" ಅಂದರು. ನ್ಯಾಯವಾದ ಮಾತು. ಕಾಳಿನ ದುಡ್ಡು ಬಿಟ್ಟು ಮೇವು ಮಾಡಿ ಅಂತ ಯಾರಿಗೂ ನಾನು ಹೇಳಲ್ಲ. ಆದರೆ ತೆನೆಯಲ್ಲೇ ಇರೋದು ಅರ್ಧ ಸತ್ವ. ತೆನೆ ಮುರಿದುಕೊಂಡು ಬರೀ ಹಸಿರು ಕಡ್ಡಿ ತುಂಬಿದರೂ ರಸಮೇವು ಆಗುತ್ತದೆ, ಆದರೆ ಸಾಧಾರಣದ್ದು, ಬೂಸಾ ಉಳಿಯಲ್ಲ. ಕೊನೆಗೆ ಅವರೇ ಒಂದು ದಾರಿ ತೆಗೆದರು. ಕಾಡಿನ ಬೇಲಿಗೆ ತಾಗಿದ ಪಟ್ಟಿ, ಎಲ್ಲಿ ಹೇಗೂ ಪ್ರಾಣಿ ಬಿಡುವುದಿಲ್ಲವೋ ಅದು ಮೇವಿಗೆ, ಊರ ಕಡೆಯದು ಕಾಳಿಗೆ. ಇದು ಯಾವ ಕೈಪಿಡಿಯಲ್ಲೂ ಇಲ್ಲ. ಬೇಲಿ ಪಕ್ಕ ಬೇಗ ಖಾಲಿಯಾದರೆ ಪ್ರಾಣಿಗೆ ಮರೆಯೂ ಇಲ್ಲ, ಕಾಯುವವರಿಗೆ ದೂರ ಕಾಣುತ್ತದೆ.

ಕಡಿಯುವ ಹದ ಹೇಳೋದು ಸುಲಭ, ಎಲ್ಲರೂ ಜೋಳ ಸುಟ್ಟು ತಿಂದವರೇ. ಸುಟ್ಟು ತಿನ್ನುವ ಹದ ದಾಟಿ ಸ್ವಲ್ಪ ದಿನ ಬಿಡಬೇಕು. ತೆನೆಯನ್ನು ಅಡ್ಡಕ್ಕೆ ಮುರಿದು ಕಾಳು ನೋಡಿದರೆ ಮೇಲಿನ ಅರ್ಧ ಹಿಟ್ಟು, ಕೆಳಗಿನ ಅರ್ಧ ಹಾಲು, ನಡುವೆ ಒಂದು ಗೆರೆ. ಆ ಗೆರೆ ಅರ್ಧಕ್ಕೆ ಬಂದಾಗ ಕುಡುಗೋಲು. ಆಗ ಗಿಡದಲ್ಲಿ ನೂರಕ್ಕೆ 65-70 ನೀರು ಇರುತ್ತದೆ. ಖಾತ್ರಿಗೆ ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಅರ್ಧ ನಿಮಿಷ ಹಿಂಡಿ ಬಿಡಿ. ಬೆರಳ ಸಂದಿಯಲ್ಲಿ ನೀರು ಇಳಿದರೆ ಹಸಿ ಜಾಸ್ತಿ, ಉಂಡೆ ಹಾಗೇ ನಿಂತು ಅಂಗೈ ಬರೀ ಒದ್ದೆ ಆದರೆ ಸರಿ, ತಕ್ಷಣ ಉದುರಿದರೆ ಒಣಗಿ ಹೋಗಿದೆ. ಒಬ್ಬೊಬ್ಬರಿಗೂ ಹಿಂಡಿಸಿದೆವು. ಮಾತಲ್ಲಿ ಹೇಳಿದರೆ ತಲೆ ಆಡಿಸುತ್ತಾರೆ, ಮನೆಗೆ ಹೋದ ಮೇಲೆ ಅನುಮಾನ ಬರುತ್ತದೆ.

ಒಳ್ಳೆ ಹದದ ಮುಸುಕಿನ ಜೋಳಕ್ಕೆ ಬೆಲ್ಲ ಬೇಕಾಗಿಲ್ಲ, ಅದರಲ್ಲೇ ಸಕ್ಕರೆ ಇದೆ. ಬದುವಿನ ಮೇಲೆ ಬೆಳೆದ ನೇಪಿಯರ್‌ಗೆ ಬೇಕು. ಅದು ನೀರು ಹುಲ್ಲು, ಸಕ್ಕರೆ ಕಡಿಮೆ. ಕೊಯ್ದು ಐದಾರು ಗಂಟೆ ಬಿಸಿಲಿಗೆ ಬಾಡಿಸಿ, 50 ಕೆಜಿಗೆ ಒಂದು ಕೆಜಿ ಬೆಲ್ಲವನ್ನು ಸ್ವಲ್ಪ ನೀರಲ್ಲಿ ಕರಗಿಸಿ ಪದರ ಪದರಕ್ಕೆ ಚಿಮುಕಿಸಬೇಕು. ಕೊಡಗಟ್ಟಲೆ ನೀರು ಸುರಿದರೆ ಬಾಡಿಸಿದ್ದು ದಂಡ. ಯೂರಿಯಾ ಹಾಕಿ ಅಂತ ಕೆಲವರು ಹೇಳುತ್ತಾರೆ. ನಾನು ಕಲಿಸಲ್ಲ. ಅಳತೆ ತಪ್ಪಿದರೆ, ಒಂದೇ ಕಡೆ ಗಂಟು ಬಿದ್ದರೆ ಹಸು ಸಾಯುತ್ತದೆ, ಒಂದೇ ಹಸು ಇರುವ ಮನೆಯಲ್ಲಿ ಆ ಆಟ ಬೇಡ.

"ಕಾಡೆಲ್ಲಾ ರೋಜದ ಗಿಡವೇ ಅಲ್ವಾ, ಅದನ್ನೇ ತುಂಬಿದ್ರೆ?" ಅಂತ ಒಬ್ಬ ಹುಡುಗ ಕೇಳಿದ. ಲಂಟಾನ. ಖಂಡಿತ ಬೇಡ. ಅದರ ವಿಷ ಈಲಿ (ಲಿವರ್) ಕೆಡಿಸುತ್ತದೆ, ಕಣ್ಣು ಹಳದಿ ಆಗುತ್ತದೆ, ಬಿಸಿಲು ತಾಗಿದ ಕಡೆ ಚರ್ಮ ಸುಲಿಯುತ್ತದೆ. ಹುಳಿ ಬರಿಸಿದರೆ ವಿಷ ಹೋಗುತ್ತದೆ ಅಂತ ನಂಬಿ ಕೂರೋಕೆ ಆಗಲ್ಲ. ಕಟರ್‌ಗೆ ಕೊಡುವ ಮೊದಲು ಕಟ್ಟು ಬಿಚ್ಚಿ ಒಂದು ಸಲ ನೋಡಿ, ಬೇಲಿ ಪಕ್ಕ ಕೊಯ್ದದ್ದರಲ್ಲಿ ಅದರ ಕೊಂಬೆ ಸೇರಿರುತ್ತದೆ. ಬಿಳಿ ಜೋಳ ಬೆಳೆದವರು ಹೂ ಬಂದ ಮೇಲೆಯೇ ಕಡಿಯಬೇಕು. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದಲ್ಲಿ ಸಯನೈಡ್ ಇರುತ್ತದೆ, ರಸಮೇವು ಮಾಡಿದರೆ ಕಡಿಮೆ ಆಗುತ್ತದೆ ನಿಜ, ಪೂರ್ತಿ ಹೋಗುತ್ತದೆ ಅಂತ ಬರೆದುಕೊಡೋಕೆ ಆಗಲ್ಲ. ಒಣಗಿದ ಬೆಟ್ಟದ ಹುಲ್ಲು ರಸಮೇವಿಗೆ ಬರಲ್ಲ, ಅದನ್ನು ಒಣಹುಲ್ಲಾಗಿಯೇ ಇಡಿ.

ಇಡೋದು ಎಲ್ಲಿ

ಕಟ್ಟಿದ ಎರಡು ಮೂರು ದಿನಕ್ಕೆ ಚೀಲ ಊದಿಕೊಂಡಿತು. ಫೋನ್ ಮೇಲೆ ಫೋನ್. ಒಳಗಿನ ಗ್ಯಾಸ್ ಅದು, ಬಿಚ್ಚಬೇಡಿ, ಚುಚ್ಚಬೇಡಿ, ತಾನಾಗೇ ಇಳಿಯುತ್ತದೆ. ಆದರೆ ಇದೇ ಕಾರಣಕ್ಕೆ ಮೊದಲ ಮೂರು ವಾರ ಮಲಗುವ ಕೋಣೆಯಲ್ಲಿ ಇಡಬೇಡಿ ಅಂತ ಒತ್ತಿ ಹೇಳಬೇಕು. ಇಲ್ಲಿ ಬೆಲೆ ಬಾಳುವುದೆಲ್ಲ ಒಳಮನೆಯಲ್ಲೇ ಇರೋದು, ರಾಗಿ ಮೂಟೆ, ಉಪ್ಪು, ಎಲ್ಲ. ಆ ಗ್ಯಾಸಿನಲ್ಲಿ ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಕೂಡ ಇರಬಹುದು, ಶ್ವಾಸಕೋಶ ಸುಡುತ್ತದೆ. ಗಾಳಿ ಆಡುವ ಜಗಲಿ, ಹಲಗೆಯ ಮೇಲೆ, ಬಿಸಿಲು ಬೀಳದ ಹಾಗೆ.

ಜಗಲಿಯಲ್ಲಿ ಇಟ್ಟರೆ ಹೆಗ್ಗಣ, ಕೋತಿ. ಹೆಗ್ಗಣ ಕೆಳಗಿಂದ ಕಚ್ಚುತ್ತದೆ, ಕೋತಿ ಮೇಲಿಂದ ಗಂಟು ಬಿಚ್ಚುತ್ತದೆ. ತೂತು ಕಂಡ ದಿನವೇ ಟೇಪು ಹಚ್ಚಿದರೆ ಚೀಲ ಉಳಿಯುತ್ತದೆ. ಕೈಯಲ್ಲಿ ದುಡ್ಡು ಇರುವವರು ಮುಚ್ಚಳಕ್ಕೆ ಕಬ್ಬಿಣದ ಪಟ್ಟಿ ಬರುವ 200 ಲೀಟರಿನ ನೀಲಿ ಡ್ರಮ್ಮು ತಂದರು, ಒಂದಕ್ಕೆ 100 ಕೆಜಿಯ ಮೇಲೆ ಹಿಡಿಯುತ್ತದೆ, ಒಳಗೆ ಇಳಿದು ಕಾಲಲ್ಲೇ ತುಳಿಯಬಹುದು, ವರ್ಷಗಟ್ಟಲೆ ಬರುತ್ತದೆ. ಆದರೆ ಏನು ತುಂಬಿ ಬಂದ ಡ್ರಮ್ಮು ಅಂತ ಕೇಳಿ ತನ್ನಿ. ಕೆಮಿಕಲ್ ತುಂಬಿದ್ದು ತೊಳೆದರೂ ಬೇಡ.

ಹುಳಿ ವಾಸನೆಗೆ ಆನೆ ಬಂದರೆ ಅನ್ನೋ ಭಯ ಎಲ್ಲರಿಗೂ ಇತ್ತು. ಬೆಲ್ಲದ, ಹಲಸಿನ ವಾಸನೆ ಹಿಡಿದು ಬರುವ ಪ್ರಾಣಿ, ಭಯ ಸುಳ್ಳಲ್ಲ. ಹೊಲದ ಗುಡಿಸಲಲ್ಲಿ ಯಾರೂ ಇಡುವುದಿಲ್ಲ ಅಂತ ಊರವರೇ ಮಾತಾಡಿಕೊಂಡರು. ಊರ ನಡುವಿನ ಮನೆಗಳ ಜಗಲಿಯಲ್ಲಿ ಮಾತ್ರ, ಬಿಚ್ಚಿದ ಚೀಲ ಸಂಜೆ ಮತ್ತೆ ಕಟ್ಟಿ, ಉಳಿದ ಬೆಲ್ಲ ಅದರ ಪಕ್ಕ ಇಡದೆ.

ಬಿಚ್ಚಿದ್ದು

ಮೂರು ವಾರಕ್ಕೆ ತೆಗೆಯಬಹುದು, 45 ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಮೊದಲ ಚೀಲವನ್ನು ಡೈರಿ ಜಗಲಿಯಲ್ಲೇ ಎಲ್ಲರ ಮುಂದೆ ಬಿಚ್ಚಿದೆವು. ಬಣ್ಣ ಹಳದಿ ಹಸಿರು, ಮೂಗಿಗೆ ಸಿಹಿ ಹುಳಿ. ಪಿಎಚ್ ಕಾಗದ 4ರ ಬಣ್ಣಕ್ಕೆ ತಿರುಗಿತು. ಅದರ ಪಕ್ಕ ಹೆಗ್ಗಣ ಕಚ್ಚಿದ ಒಂದು ಚೀಲವನ್ನೂ ಬೇಕಂತಲೇ ಬಿಚ್ಚಿದೆವು. ತೂತಿನ ಸುತ್ತ ಒಂದು ಮೊಳ ಕಪ್ಪು, ಲೋಳೆ, ಮೇಲೆ ಬಿಳಿ ಬೂಷ್ಟು, ಕೊಳೆತ ಬೆಣ್ಣೆ ವಾಸನೆ. ಒಳ್ಳೆಯದನ್ನು ನೋಡಿ ಕಲಿಯುವುದಕ್ಕಿಂತ ಇದನ್ನು ಮೂಸಿ ಕಲಿತದ್ದು ಜಾಸ್ತಿ. ಬೂಷ್ಟು ಬಂದದ್ದನ್ನು "ಅಯ್ಯೋ ದಂಡ" ಅಂತ ಹಸುವಿಗೆ ಹಾಕಬೇಡಿ, ಗಬ್ಬದ ಹಸುವಿಗಂತೂ ಬೇಡವೇ ಬೇಡ. ತಿಪ್ಪೆಗೆ.

ಹಸು ಮೂಸಿ ಮುಖ ತಿರುಗಿಸಿತು. ಸುತ್ತ ನಿಂತವರು ನನ್ನ ಮುಖ ನೋಡಿದರು. ಇದು ಮಾಮೂಲು. ಮೊದಲ ದಿನ ಎರಡು ಕೆಜಿ, ರಾಗಿ ಹುಲ್ಲಿಗೆ ಬೆರೆಸಿ, ಮೇಲೆ ಒಂದು ಹಿಡಿ ಬೂಸಾ. ಒಂದು ವಾರ, ಹತ್ತು ದಿನದಲ್ಲಿ ಏರಿಸುತ್ತಾ 15ಕ್ಕೆ ತನ್ನಿ. ರಾಗಿ ಹುಲ್ಲು ನಿಲ್ಲಿಸಬಾರದು, ಬರೀ ಹುಳಿ ಮೇವು ಹೊಟ್ಟೆಗೆ ಆಗಲ್ಲ. ಹಾಲು ಕರೆದ ಮೇಲೆ ಹಾಕಿ, ಮೊದಲೇ ಹಾಕಿದರೆ ಹಾಲಿಗೆ ವಾಸನೆ ಹಿಡಿದು ಡೈರಿಯಲ್ಲಿ ಮಾತು ಕೇಳಬೇಕಾಗುತ್ತದೆ. ಮೂರು ತಿಂಗಳ ಒಳಗಿನ ಕರುವಿಗೆ ಬೇಡ.

ಹಾಲು ಎಷ್ಟು ಜಾಸ್ತಿ ಆಯಿತು ಅಂತ ಎಲ್ಲರೂ ಕೇಳುತ್ತಾರೆ. ಏರಿದ್ದಕ್ಕಿಂತ, ಪ್ರತಿ ವರ್ಷ ಫೆಬ್ರುವರಿಯಲ್ಲಿ ಇಳಿಯುತ್ತಿದ್ದದ್ದು ಈ ಸಲ ಅಷ್ಟು ಇಳಿಯಲಿಲ್ಲ, ಬೂಸಾ ಮೂಟೆ ನಿಧಾನವಾಗಿ ಖಾಲಿಯಾಯಿತು ಅಂತ ಮನೆಯವರು ಹೇಳಿದರು. ಅದಕ್ಕಿಂತ ದೊಡ್ಡ ಮಾತು ನಾನು ಹೇಳಲ್ಲ. ಮತ್ತೆ ದೊಡ್ಡಿಯ ಹಿಂಡು ಎಂದಿನಂತೆ ಬೆಳಿಗ್ಗೆ ಕಾಡಿನ ಕಡೆಗೇ ಹೋಗುತ್ತಿದೆ. ಅದರ ವಿಚಾರ ಚೀಲದಲ್ಲಿ ಬಗೆಹರಿಯುವುದಲ್ಲ, ಊರವರೂ ಇಲಾಖೆಯವರೂ ಕೂತು ಮಾತಾಡಬೇಕಾದದ್ದು.

ಮುಂದಿನ ಬೆಳೆಗೆ ಅಕ್ಕಂದಿರು ಎರಡು ಬದಲಾವಣೆ ಕೇಳಿದ್ದಾರೆ. ಒಂದು, ಪೆಟ್ಟಿಗೆಯ ಆಂಗಲ್ಲಿಗೆ ಚಕ್ರ, ಮನೆಯಿಂದ ಮನೆಗೆ ತಳ್ಳೋಕೆ. ಎರಡು, 50 ಕೆಜಿ ಚೀಲವನ್ನು ಒಬ್ಬ ಹೆಂಗಸು ಜಗಲಿಯಿಂದ ಕೊಟ್ಟಿಗೆಗೆ ಎತ್ತೋಕೆ ಆಗಲ್ಲ, ಗಂಡಸರು ಮನೆಗೆ ಬರೋವರೆಗೆ ಹಸು ಕಾಯಬೇಕು, ಹಾಗಾಗಿ 30 ಕೆಜಿ ಅಚ್ಚು. ಒಳಗಿನ ಅಳತೆ 13 ಇಂಚು ಅಗಲ, 13 ಇಂಚು ಉದ್ದ, 20 ಇಂಚು ಎತ್ತರ. ಪ್ಲಾಸ್ಟಿಕ್ ಕೊಳವೆ 28 ಇಂಚು ಅಗಲ ಸಾಕು. ಎರಡು ದಿನಕ್ಕೆ ಒಂದು ಚೀಲ. ಹಲಗೆ ತಂದಾಗಿದೆ, ಕೀಲು ತರಬೇಕು.